ಮೇಣ ಹಚ್ಚಿದ ಜಾಡಿ

ಈಸ್ಟರ್ ಬೇಗ ಬಂದ ವರ್ಷ ನಾನು ಅರವತ್ತೆಂಟು ದಿನ ಸುಮ್ಮನಿದ್ದೆ. ಮರೆತು ಸುಮ್ಮನಿದ್ದದ್ದಲ್ಲ. 2024ರ ಜನವರಿ 23ರಿಂದ ಮಾರ್ಚ್ 30ರವರೆಗೆ, ಪ್ರತಿದಿನ ಡೈರಿಯ ಪುಟದ ಕೆಳಗೆ ಒಂದು ಗೀಟು ಎಳೆದು, ಐದಾದಾಗ ಅಡ್ಡಗೀಟು ಹೊಡೆದು, ಲೆಕ್ಕ ಇಟ್ಟುಕೊಂಡೇ ಸುಮ್ಮನಿದ್ದೆ. ದೊಡ್ಡಮ್ಮನಿಗೆ ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ಯಾಕೆ ಹೇಳಲಿಲ್ಲ ಅನ್ನುವುದಕ್ಕೆ ಮೊದಲು ಜಾಡಿಯ ವಿಷಯ ಹೇಳಬೇಕು.

ಅದು ಅಜ್ಜಿಯ ಜಾಡಿ. ಅಪ್ಪನ ಅಮ್ಮ ಈ ಅಜ್ಜಿ. ಮೊಣಕಾಲೆತ್ತರದ ಪಿಂಗಾಣಿ ಜಾಡಿ, ಮೇಲರ್ಧ ಕಂದು, ಕೆಳಗರ್ಧ ಕೆನೆಬಣ್ಣ. ನಮ್ಮ ಮನೆತನದಲ್ಲಿ ಈಸ್ಟರ್ ಊಟಕ್ಕೆ ಬೇಕಾದ ದ್ರಾಕ್ಷಿ ವೈನು ಆ ಜಾಡಿಯಲ್ಲೇ ಆಗಬೇಕು. ಬೀಜದ ಕಪ್ಪು ದ್ರಾಕ್ಷಿ, ಸಕ್ಕರೆ, ಕಾಯಿಸಿ ಆರಿಸಿದ ನೀರು, ಒಂದು ಹಿಡಿ ಗೋಧಿ, ಎರಡು ತುಂಡು ಚಕ್ಕೆ. ಹಾಕಿದ ದಿನದಿಂದ ಇಪ್ಪತ್ತೊಂದು ದಿನ, ದಿನಕ್ಕೊಂದು ಸಲ, ಒಂದೇ ಕೈಯಲ್ಲಿ, ಮರದ ಸೌಟಿನಿಂದ ಕಲಕಬೇಕು. ಇಪ್ಪತ್ತೊಂದನೆಯ ದಿನ ಪಂಚೆ ಬಟ್ಟೆಯಲ್ಲಿ ಸೋಸಿ, ರುಚಿ ನೋಡಿ, ಮತ್ತೆ ಜಾಡಿಗೆ ಸುರಿದು, ಮುಚ್ಚಳದ ಸುತ್ತ ಮೈದಾ ಹಿಟ್ಟಿನ ಕಣಕ ಮೆತ್ತಿ ಕಟ್ಟಬೇಕು. ಆಮೇಲೆ ಈಸ್ಟರ್ ಮಧ್ಯಾಹ್ನದವರೆಗೆ ಯಾರೂ ಮುಟ್ಟುವಂತಿಲ್ಲ.

ಇಲ್ಲೇ ಲೆಕ್ಕ ಬರುವುದು. ಬೂದಿ ಬುಧವಾರ ಹಣೆಗೆ ಬೂದಿ ಬಿದ್ದ ಕೂಡಲೇ ಈಸ್ಟರಿನವರೆಗೆ ನಡೆಯುವ ನಮ್ಮ ತಪಸ್ಸು ಕಾಲ ಶುರು. ಆ ದಿನಗಳಲ್ಲಿ ನಾಲಗೆಗೆ ಒಂದು ಹನಿ ವೈನು ತಾಗಬಾರದು ಅನ್ನುವುದು ಅಜ್ಜಿಯ ಕಟ್ಟಳೆ. ಅಂದಮೇಲೆ ಸೋಸುವುದು, ರುಚಿ ನೋಡುವುದು ಎಲ್ಲ ಬೂದಿ ಬುಧವಾರದ ಹಿಂದಿನ ಮಂಗಳವಾರವೇ ಮುಗಿಯಬೇಕು. ಆ ಮಂಗಳವಾರದಿಂದ ಇಪ್ಪತ್ತೊಂದು ದಿನ ಹಿಂದಕ್ಕೆ ಎಣಿಸಿದರೆ ದ್ರಾಕ್ಷಿ ಹಾಕುವ ದಿನ ಸಿಗುತ್ತದೆ. ಈಸ್ಟರ್ ಒಂದೊಂದು ವರ್ಷ ಒಂದೊಂದು ತಾರೀಖಿಗೆ ಬರುತ್ತದೆ, ಆದ್ದರಿಂದ ದ್ರಾಕ್ಷಿಯ ದಿನವೂ ಓಡಾಡುತ್ತಿರುತ್ತದೆ. ನನಗೆ ಹನ್ನೊಂದು ವರ್ಷವಾದಾಗ ಅಪ್ಪ ತಂದುಕೊಟ್ಟ ಡೈರಿಯಲ್ಲಿ ನಾನು ಮೊದಲು ಬರೆದದ್ದೇ ಈ ಲೆಕ್ಕ. ಕ್ರಿಸ್ಮಸ್ ಗೋದಲಿ ಬಿಚ್ಚಿ ಬೊಂಬೆಗಳನ್ನು ಎತ್ತಿಡುತ್ತಲೇ ಅಜ್ಜಿ, "ಎಲ್ಲಿ, ನನ್ನ ದಿನ ಹೇಳೇ" ಅನ್ನುತ್ತಿದ್ದಳು. ನಾನು ಎಣಿಸಿ ಹೇಳುತ್ತಿದ್ದೆ. ಅಜ್ಜಿ ಮತ್ತೊಮ್ಮೆ ಬೆರಳು ಮಡಿಸಿ ಎಣಿಸಿ, ಸರಿ ಬಂದರೆ ನನ್ನ ಕೆನ್ನೆ ಹಿಂಡುತ್ತಿದ್ದಳು. ಹತ್ತು ವರ್ಷದಲ್ಲಿ ಒಂದು ಸಲವೂ ತಪ್ಪಲಿಲ್ಲ.

ಕಲಕುತ್ತಿದ್ದವಳು ಅಮ್ಮ. ಅಜ್ಜಿಯ ಮನೆ ದೇವರಾಜ ಮೊಹಲ್ಲಾದಲ್ಲಿ. ದೊಡ್ಡಪ್ಪ, ದೊಡ್ಡಮ್ಮ ಅಜ್ಜಿಯ ಜೊತೆ ಅಲ್ಲೇ ಇದ್ದರು. ನಮ್ಮದು ರಾಮಕೃಷ್ಣನಗರದಲ್ಲಿ ಬಾಡಿಗೆ ಮನೆ. ಆ ಇಪ್ಪತ್ತೊಂದು ದಿನವೂ ಅಮ್ಮ ಸಂಜೆ ಬಸ್ಸು ಹಿಡಿದು ಹೋಗಿ, ಕಲಕಿ, ಸೌಟು ತೊಳೆದಿಟ್ಟು ಬರುತ್ತಿದ್ದಳು. ಅಜ್ಜಿಗೆ ಕೈ ನಡುಗಲು ಶುರುವಾದಾಗಿನಿಂದ, ಇಪ್ಪತ್ತು ವರ್ಷ. ದೊಡ್ಡಮ್ಮ ಅದೇ ಮನೆಯಲ್ಲಿದ್ದು ಒಂದು ದಿನವೂ ಸೌಟು ಹಿಡಿಯಲಿಲ್ಲ. ಆದರೆ ಈಸ್ಟರ್ ದಿನ ಫಾದರ್ ಊಟಕ್ಕೆ ಬಂದಾಗ ಮೊದಲ ಲೋಟ ಕೊಡುತ್ತಿದ್ದವರು ಅವರೇ. "ನಮ್ಮನೆ ವೈನು ಫಾದರ್, ನಾಲ್ಕು ತಲೆಮಾರಿಂದು." ಆಗ ಅಮ್ಮ ಅಡುಗೆಮನೆಯಲ್ಲಿ ಕುಷ್ಕ ಬಡಿಸುತ್ತಿರುತ್ತಿದ್ದಳು.

ಅಮ್ಮ ಹುಟ್ಟಿದ್ದು ಲಕ್ಷ್ಮೀಪುರಂನ ಹಿಂದೂ ಮನೆಯಲ್ಲಿ. ಅಪ್ಪನನ್ನು ಮೆಚ್ಚಿ, ಜ್ಞಾನಸ್ನಾನ ಪಡೆದು, ಚರ್ಚಿನಲ್ಲಿ ಮದುವೆಯಾದಳು. ದೊಡ್ಡಮ್ಮ ಅದನ್ನು ಹೇಳುತ್ತಿದ್ದ ರೀತಿ ಬೇರೆ: "ಮದ್ವೆಗೋಸ್ಕರ ತಲೆ ಮೇಲೆ ನೀರು ಹುಯ್ಯಿಸ್ಕೊಂಡೋಳು." ಜಪಸರ ಹೇಳುವಾಗ ಅಮ್ಮ ಒಂದು ಸಾಲು ತಡವರಿಸಿದರೆ ಈ ಮಾತು. ಪಲ್ಯಕ್ಕೆ ತೆಂಗಿನಕಾಯಿ ಹೆಚ್ಚಾದರೂ ಈ ಮಾತು. ಡೈರಿ ಶುರುವಾದ 2013ರಿಂದ 2023ರವರೆಗೆ ನನ್ನ ಕಿವಿಗೆ ಬಿದ್ದದ್ದು ಮೂವತ್ತೊಂದು ಸಲ. ಪ್ರತಿಯೊಂದಕ್ಕೂ ತಾರೀಖಿದೆ. ನಾನು ಈಗ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸ ಮಾಡುತ್ತೇನೆ. ಬಂದ ಪ್ರತಿ ಸೀಸೆಗೂ ನಂಬರು, ಸಮಯ ಹಾಕಿ ರಿಜಿಸ್ಟರಿನಲ್ಲಿ ಬರೆಯುವುದು ನನ್ನ ಕೆಲಸ. ಬರೆಯದೆ ಬಿಟ್ಟದ್ದು ನಡೆದೇ ಇಲ್ಲ ಅಂತ ಹೇಳುವವರು ಎಲ್ಲ ಕಡೆಯೂ ಇರುತ್ತಾರೆ ಅನ್ನುವುದನ್ನು ನಾನು ಲ್ಯಾಬಿಗೆ ಸೇರುವ ಮೊದಲೇ ಕಲಿತಿದ್ದೆ.

2023ರ ಆಗಸ್ಟ್‌ನಲ್ಲಿ ಅಜ್ಜಿ ಆಸ್ಪತ್ರೆ ಸೇರಿದಳು. ಮೂರನೆಯ ದಿನ ಸಂಜೆ, ಅಮ್ಮ ಅವಳ ಕೂದಲು ಬಾಚುತ್ತಿದ್ದಾಗ, "ಜಾಡಿ ನಿಂದು ಕಣಮ್ಮ. ನೀನೇ ಇಟ್ಕೋ" ಅಂದಳು. ಕೋಣೆಯಲ್ಲಿ ಇದ್ದವರು ನಾವು ಮೂರು ಜನ. ನಾನು ಅಲ್ಲೇ ಕೂತು ಬರೆದುಕೊಂಡೆ. ಐದು ದಿನಕ್ಕೆ ಅಜ್ಜಿ ಹೋದಳು.

ಚರ್ಚಿನಲ್ಲಿ ಅಜ್ಜಿಯ ತಿಂಗಳ ಪೂಜೆ ಮುಗಿದ ಮೇಲೆ ಅಮ್ಮ ದೊಡ್ಡಮ್ಮನನ್ನು ಕೇಳಿದಳು. ಬಹಳ ಮೆಲ್ಲಗೆ ಕೇಳಿದಳು.

"ಅಕ್ಕ, ಜಾಡಿ ತಗೊಂಡೋಗ್ಲಾ? ಅತ್ತೆ ಹೇಳಿದ್ರು."

"ಯಾರ್ ಮುಂದೆ ಹೇಳಿದ್ರು?"

"ಇವಳಿದ್ಲು."

ನಾನು ಡೈರಿ ತೆರೆದು ತೋರಿಸಿದೆ. ದೊಡ್ಡಮ್ಮ ಕನ್ನಡಕ ಕೂಡ ಹಾಕಿಕೊಳ್ಳದೆ ನಕ್ಕರು. "ಡೈರೀಲಿ ಬರ್ಕೊಂಡ್ಬುಟ್ರೆ ಆಗೋಯ್ತಾ? ಬೈಬಲ್ಲಿನ ಶುಭಸಂದೇಶಾನೇನೇ ಅದು?" ಆಮೇಲೆ ಅಮ್ಮನ ಕಡೆ ತಿರುಗಿ, "ನೋಡಮ್ಮ, ಬೇಜಾರ್ ಮಾಡ್ಕೋಬೇಡ. ನೀನು ಮದ್ವೆಗೋಸ್ಕರ ತಲೆ ಮೇಲೆ ನೀರು ಹುಯ್ಯಿಸ್ಕೊಂಡೋಳು. ಇದು ಹುಟ್ಟಿದಾಗ್ಲೇ ನೀರು ಬಿದ್ದೋರ ಕೈಲಿರ್ಬೇಕಾದ ಜಾಡಿ. ಈಸ್ಟರ್ ಅಂದ್ರೆ ಏನು ಅಂತ ನಮಗೆ ಹೇಳ್ಕೊಡ್ಬೇಕಾ?" ಅಂದರು. ಕೊನೆಗೆ ನನಗೆ: "ನೀನೂ ಅಷ್ಟೇ, ಕ್ಯಾಲೆಂಡರ್ ಮರಿ. ನಿನ್ ಲೆಕ್ಕ ಇಲ್ದಿದ್ರೂ ನಮಗೆ ಈಸ್ಟರ್ ಬರುತ್ತೆ, ಓಗು."

ಅಮ್ಮ ಅಂದದ್ದು ಇಷ್ಟೇ: "ಆಯ್ತಕ್ಕ."

ಅದು ಮೂವತ್ತೊಂದನೆಯ ಸಲ. ಮನೆಗೆ ಬಂದು ಆ ಪುಟದ ಕೆಳಗೆ ನಾನು ಒಂದು ಸಾಲು ಬರೆದೆ: ಇನ್ನು ಮುಂದೆ ಇವರಿಗೆ ಯಾವ ದಿನವನ್ನೂ ಹೇಳುವುದಿಲ್ಲ.

ಹೊಸ ವರ್ಷದ ಕ್ಯಾಲೆಂಡರ್ ಬಂದಾಗ ಎಣಿಸಿ ನೋಡಿದೆ. ಈಸ್ಟರ್ ಮಾರ್ಚ್ 31. ಬೂದಿ ಬುಧವಾರ ಫೆಬ್ರವರಿ 14. ಹಿಂದಿನ ಮಂಗಳವಾರ 13. ಅಲ್ಲಿಂದ ಇಪ್ಪತ್ತೊಂದು ದಿನ ಹಿಂದೆ, ಜನವರಿ 23. 2018ರ ಡೈರಿ ತೆಗೆದೆ, ಆ ವರ್ಷವೂ ಇದೇ ತಾರೀಖು. ಅದನ್ನು ಬಿಟ್ಟರೆ ಬಹುತೇಕ ವರ್ಷಗಳಲ್ಲಿ ದ್ರಾಕ್ಷಿ ಹಾಕುವ ದಿನ ಫೆಬ್ರವರಿ 2ರ ಮೇಣದಬತ್ತಿ ಹಬ್ಬದ ಆಸುಪಾಸಿಗೆ ಬರುತ್ತಿತ್ತು. ದೊಡ್ಡಮ್ಮನಿಗೆ ಗೊತ್ತಿದ್ದದ್ದು ಅಷ್ಟೇ: ಬತ್ತಿ ಹಬ್ಬ ಆದಮೇಲೆ ದ್ರಾಕ್ಷಿ. ಯಾರು ಎಣಿಸುತ್ತಾರೆ, ಯಾಕೆ ಎಣಿಸುತ್ತಾರೆ ಅಂತ ಅವರು ಎಂದೂ ಕೇಳಿದವರಲ್ಲ.

ಜನವರಿ 23ರ ಮಂಗಳವಾರ ಸಂಜೆ ಅಮ್ಮ, "ಮಾರ್ಕೆಟ್ಟಿಗೆ ಹೋಗ್ಬರೋಣ ಬಾ" ಅಂದಳು. ದೇವರಾಜ ಮಾರುಕಟ್ಟೆಯ ಹಣ್ಣಿನ ಸಾಲಿನಲ್ಲಿ ಕಪ್ಪು ದ್ರಾಕ್ಷಿ ಗುಡ್ಡೆ ಹಾಕಿದ್ದರು. ಅಮ್ಮ ಒಂದು ಗೊಂಚಲು ಎತ್ತಿದಳು, ಬೆಳಕಿಗೆ ಹಿಡಿದಳು, ಒಂದು ಹಣ್ಣು ಕಿತ್ತು ಬಾಯಿಗೆ ಹಾಕಿಕೊಂಡಳು.

"ಕೊಡ್ಲಾ ಅಕ್ಕ? ಎಷ್ಟು ಕೆ.ಜಿ.?" ಅಂದ ಅಂಗಡಿಯವನು.

"ಬೇಡಪ್ಪ. ಇನ್ನೂ ಹುಳಿ."

ಅಲ್ಲಿಂದ ದೊಡ್ಡಮ್ಮನ ಮನೆಗೆ ನಡೆದರೆ ಏಳು ನಿಮಿಷ. ಅಮ್ಮ ಆ ಕಡೆ ತಿರುಗಲಿಲ್ಲ. ಕೊತ್ತಂಬರಿ ಸೊಪ್ಪು, ನಾಲ್ಕು ನಿಂಬೆಹಣ್ಣು ತೆಗೆದುಕೊಂಡು ಬಸ್ ಸ್ಟ್ಯಾಂಡಿಗೆ ಬಂದೆವು. ಅಂದಿನ ಪುಟದ ಕೆಳಗೆ ಮೊದಲ ಗೀಟು ಎಳೆದೆ.

ಫೆಬ್ರವರಿ 2ರ ಶುಕ್ರವಾರ, ಪೂಜೆಯಲ್ಲಿ ಆಶೀರ್ವದಿಸಿದ ಬತ್ತಿಗಳನ್ನು ಹಿಡಿದು ಎಲ್ಲರೂ ಹೊರಗೆ ಬಂದಾಗ ದೊಡ್ಡಮ್ಮ ನಾಲ್ಕು ಜನ ಹೆಂಗಸರಿಗೆ ಕೇಳುವ ಹಾಗೆ ಹೇಳಿದರು: "ಇವತ್ತು ಜಾಡಿ ಕೆಲ್ಸ ಇದೆ ಕಣ್ರೀ. ಎಂಟು ಕೆ.ಜಿ. ದ್ರಾಕ್ಷಿ ತರಿಸಿದೀನಿ." ಅಮ್ಮನ ಕಡೆ ನೋಡಿ, "ನೀನು ಬರ್ಬೇಡಮ್ಮ, ಸುಮ್ನೆ ಯಾಕೆ ಬಸ್ಸಲ್ಲಿ ಒದ್ದಾಡ್ತೀಯ" ಅಂದರು. ಅಂದು ನನ್ನದು ಹನ್ನೊಂದನೆಯ ಗೀಟು.

ಒಂಬತ್ತು ದಿನ ಬಿಟ್ಟು ಭಾನುವಾರ, ಫಾದರ್ ಪ್ರಕಟಣೆ ಓದುತ್ತಾ, ಬರುವ ಬುಧವಾರ ಬೂದಿ ಬುಧವಾರ, ಹಳೆಯ ಗರಿಗಳನ್ನು ತಂದು ಕೊಡಿ ಅಂದರು. ಹಿಂದಿನ ವರ್ಷದ ಗರಿಗಳ ಭಾನುವಾರ ಮನೆಗೆ ಒಯ್ದ ತೆಂಗಿನ ಗರಿಗಳನ್ನು ಸುಟ್ಟೇ ಬೂದಿ ಮಾಡುವುದು. ನನ್ನ ಮುಂದಿನ ಬೆಂಚಿನಲ್ಲಿ ದೊಡ್ಡಮ್ಮನ ಬೆನ್ನು ನೆಟ್ಟಗಾದದ್ದನ್ನು ನಾನು ನೋಡಿದೆ. ಅವರು ಬೆರಳು ಮಡಿಸಿ ಎಣಿಸತೊಡಗಿದರು. ಎಣಿಸಿ ಮುಗಿಸುವಷ್ಟರಲ್ಲಿ ಎಲ್ಲರೂ ಎದ್ದು ನಿಂತಿದ್ದರು.

ಅಂಗಳದಲ್ಲಿ ನನ್ನನ್ನು ಹಿಡಿದರು.

"ಏನೇ, ಈ ಬುಧವಾರಾನೇ ಅಂತೆ?"

"ಹೌದು ದೊಡ್ಡಮ್ಮ."

"ನಿಂಗೆ ಮೊದ್ಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಬಾಯ್ಬಿಟ್ಟು ಏಳೋಕೇನಾಗಿತ್ತು?"

"ನನ್ ಲೆಕ್ಕ ಬೇಡ ಅಂದಿದ್ರಲ್ಲ."

"ಅಬ್ಬಬ್ಬಾ, ನಾಲಗೆ ನೋಡು ಇದುರ್ದು. ಓಗೇ. ಅತ್ತೆ ಕಾಲಕ್ಕೆ ಇಪ್ಪತ್ತೊಂದು ದಿನ. ಈಗಿನ ಬಿಸ್ಲಿಗೆ ಅನ್ನೊಂದೇ ದಿನ ಸಾಕು. ಒಂದೆರಡು ಕೆ.ಜಿ. ಸಕ್ರೆ ಜಾಸ್ತಿ ಆಕಿದ್ರೆ ಎಲ್ಲ ಸರ್ಯೋಗುತ್ತೆ."

ನಾನು ತಲೆಯಾಡಿಸಿದೆ. ಆ ತಲೆಯಾಡಿಸುವಿಕೆಯೇ ನನ್ನ ನಿಜವಾದ ತಪ್ಪು, ಅದು ನನಗೆ ಗೊತ್ತು. ಹುದುಗು ಮುಗಿಯದ ರಸಕ್ಕೆ ಸಕ್ಕರೆ ಹಾಕಿ ಬಾಯಿ ಮುಚ್ಚಿದರೆ ಏನಾಗುತ್ತದೆ ಅಂತ ಅಜ್ಜಿ ಅಮ್ಮನಿಗೂ ನನಗೂ ಹತ್ತಾರು ಸಲ ಹೇಳಿದ್ದಳು. ಒಳಗಿನ ಉಸಿರು ಹೊರಗೆ ಬರಲು ದಾರಿ ಹುಡುಕುತ್ತದೆ. ಸಿಗದಿದ್ದರೆ ದಾರಿ ಮಾಡಿಕೊಳ್ಳುತ್ತದೆ. ದೊಡ್ಡಮ್ಮ ಬೇಕಾದರೆ ಕಟ್ಟಳೆ ಮುರಿದು ತಪಸ್ಸು ಕಾಲದಲ್ಲೂ ಕಲಕಿ, ರುಚಿ ನೋಡಿ, ನಿಧಾನವಾಗಿ ಮುಚ್ಚಬಹುದಿತ್ತು. ಆದರೆ ಹುಟ್ಟಿದಾಗಲೇ ನೀರು ಬಿದ್ದವರು ಅಂತ ಊರಿಗೆಲ್ಲ ಸಾರಿದವರು ಹಾಗೆ ಮಾಡುವುದು ಹೇಗೆ? ಅವರ ಮಾತೇ ಅವರನ್ನು ಕಟ್ಟಿಹಾಕಿತ್ತು. ನನಗೆ ಅದು ಬಹಳ ರುಚಿಸಿತು.

ಫೆಬ್ರವರಿ 13ರ ಪುಟದಲ್ಲಿ ಎರಡು ಸಾಲುಗಳಿವೆ. ಒಂದು: ಜಾಡಿ ಇವತ್ತು ಮುಚ್ಚಿರುತ್ತಾರೆ, ಹನ್ನೊಂದೇ ದಿನಕ್ಕೆ. ಎರಡು: ಮನೆಯ ದೇವರ ಪೀಠದ ಮೇಲಿದ್ದ ನಮ್ಮ ಮೇಣದಬತ್ತಿ ಕಾಣುತ್ತಿಲ್ಲ. ಅದು ಬತ್ತಿ ಹಬ್ಬದ ದಿನ ತಂದ ದಪ್ಪ ಬತ್ತಿ. ಎಲ್ಲಿ ಅಂತ ಕೇಳಿದ್ದಕ್ಕೆ ಅಮ್ಮ, "ಎಲ್ಲೋ ಎತ್ತಿಟ್ಟಿದೀನಿ" ಅಂದಳು.

ತಪಸ್ಸು ಕಾಲದ ಮೊದಲ ಭಾನುವಾರ, 18ರಂದು, ದೊಡ್ಡಪ್ಪನಿಗೆ ಮಾತ್ರೆ ಕೊಟ್ಟುಬರಲು ನಾನೊಬ್ಬಳೇ ಅವರ ಮನೆಗೆ ಹೋದೆ. ಜಾಡಿ ಉಗ್ರಾಣದ ಮೂಲೆಯಲ್ಲಿತ್ತು. ಮುಚ್ಚಳದ ಸುತ್ತ ಕಣಕ ಇರಲಿಲ್ಲ. ಬೆರಳು ದಪ್ಪ ಮೇಣ ಇತ್ತು. ಅದರ ಮೇಲೆ ಶಿಲುಬೆಯಾಕಾರದಲ್ಲಿ ಸೆಣಬಿನ ಹಗ್ಗ.

"ಆಶೀರ್ವಾದ ಮಾಡಿರೋ ಬತ್ತಿ ಮೇಣ ಕಣೆ ಅದು" ಅಂದರು ದೊಡ್ಡಮ್ಮ ಹಿಂದಿನಿಂದ. "ಮೈದಾ ಕಣಕ ಮೆತ್ತಿ ಮೆತ್ತಿ ನಿಮ್ಮಜ್ಜಿ ಇರುವೆ ಮುತ್ತಿಸ್ತಿದ್ರು. ದೇವರ ವಸ್ತು ಇದ್ರೆ ಯಾವ ದೋಷಾನೂ ತಟ್ಟಲ್ಲ."

ಕಣಕ ಒಣಗಿ ಬಿರುಕು ಬಿಡುತ್ತದೆ, ಆ ಬಿರುಕಿನಲ್ಲೇ ಜಾಡಿ ಉಸಿರಾಡುವುದು. ಮೇಣ ಬಿರುಕು ಬಿಡುವುದಿಲ್ಲ. ಅವರು ಮಾತ್ರೆ ಎತ್ತಿಡಲು ಹೋದಾಗ ನಾನು ಬಗ್ಗಿ ಜಾಡಿಗೆ ಕಿವಿ ಹಚ್ಚಿದೆ. ಅನ್ನ ಕುದಿಯುವ ಮೊದಲು ಪಾತ್ರೆಯ ತಳದಲ್ಲಿ ಬರುವಂಥ ಸದ್ದು. ಬಹಳ ಸಣ್ಣದು, ನಿಲ್ಲದ್ದು.

ಆ ದಿನದಿಂದ ನನಗೆ ನೆಮ್ಮದಿ ಹೋಯಿತು. ದೊಡ್ಡಮ್ಮನ ಮೇಲಿನ ಕನಿಕರದಿಂದಲ್ಲ. ಸಿಡಿದರೆ ಜಾಡಿಯೇ ಹೋಗಬಹುದು ಅಂತ. ನಾನು ಕಾಯುತ್ತಿದ್ದದ್ದು ಅವರು ಹನ್ನೆರಡು ಜನರ ಮುಂದೆ ಸೋತು ಜಾಡಿಯನ್ನು ಅಮ್ಮನ ಕೈಗೆ ಕೊಡುವುದನ್ನು. ಆದರೆ ಸೋಲು ಬರುವುದು ಅದೇ ಜಾಡಿಯ ಹೊಟ್ಟೆಯೊಳಗಿನಿಂದ. ಒಂದು ಫೋನು ಮಾಡಿ, ಹಗ್ಗ ಸಡಿಲಿಸಿ, ಮೇಣ ಒಂದು ಕಡೆ ಕೆರೆಯಿರಿ ಅಂದರೆ ಜಾಡಿ ಉಳಿಯುತ್ತದೆ, ದೊಡ್ಡಮ್ಮನೂ ಉಳಿಯುತ್ತಾರೆ, ವೈನು ಹೇಗೋ ಒಂದು ರೀತಿ ಕುಡಿಯುವ ಹಾಗಾಗುತ್ತದೆ, ಮೊದಲ ಲೋಟ ಮತ್ತೆ ಅವರೇ ಕೊಡುತ್ತಾರೆ. ಆರು ಶುಕ್ರವಾರ ಶಿಲುಬೆ ಹಾದಿಗೆ ಹೋದೆ. ಹದಿನಾಲ್ಕು ಸ್ಥಳಗಳಲ್ಲೂ ಮೊಣಕಾಲೂರಿದೆ. ತಪಸ್ಸು ಕಾಲಕ್ಕೆಂದು ಆ ವರ್ಷ ನಾನು ಬಿಟ್ಟದ್ದು ಟೀ. ಒಂದು ದಿನವೂ ತಪ್ಪಲಿಲ್ಲ. ಬಾಯಿ ಮಾತ್ರ ಬಿಡಲಿಲ್ಲ.

ಮಾರ್ಚ್ 27ರ ಬುಧವಾರ ಪಾಪ ನಿವೇದನೆಗೆ ಹೋದೆ. ಈಸ್ಟರ್ ಪೂಜೆಯಲ್ಲಿ ಪರಮಪ್ರಸಾದದ ಪವಿತ್ರ ರೊಟ್ಟಿ ತೆಗೆದುಕೊಳ್ಳಬೇಕಾದರೆ ಮೊದಲು ಅದಾಗಬೇಕು. ಜಾಲರಿಯ ಆಚೆ ನಮ್ಮ ಫಾದರ್. ನಾನು ಕ್ರಮವಾಗಿ, ತಾರೀಖಿನ ಸಮೇತ, ಎಲ್ಲ ಹೇಳಿದೆ.

"ಸಿಡಿದ್ರೆ ಯಾರಿಗಾದ್ರೂ ಪೆಟ್ಟಾಗಲ್ವಾ?" ಅಂದರು.

"ಮಕ್ಕಳನ್ನ ಆಚೆ ಕರ್ಕೊಂಡು ಹೋಗ್ತೀನಿ ಫಾದರ್."

"ದೊಡ್ಡೋರು?"

ನಾನು ಜಾಲರಿಯ ತೂತುಗಳನ್ನು ಎಣಿಸತೊಡಗಿದೆ.

"ಇನ್ನೂ ನಾಲ್ಕು ದಿನ ಇದೆಯಮ್ಮ. ಇವತ್ತೇ ಒಂದು ಫೋನ್ ಮಾಡ್ಬಿಡು."

"ಆಗಲ್ಲ ಫಾದರ್."

"ಹಾಗಾದ್ರೆ ನಾನು ಕ್ಷಮೆ ಕೊಡೋಕಾಗಲ್ಲ. ಬಿಡೋ ಮನಸ್ಸೇ ಇಲ್ದೆ ಬಂದಿದೀಯಲ್ಲ, ಯಾಕೆ ಬಂದೆ?"

"ಹೇಳ್ದೆ ಇದ್ರೆ ಲೆಕ್ಕ ಸರಿ ಆಗಲ್ಲ ಅಂತ."

ಅವರು ನಿಟ್ಟುಸಿರು ಬಿಟ್ಟದ್ದು ಜಾಲರಿಯಲ್ಲಿ ಕೇಳಿಸಿತು. ನಾನು ಎದ್ದು ಬಂದೆ.

ಆ ಈಸ್ಟರ್ ದಿನ ಆರ್ಥಿಕ ವರ್ಷದ ಕೊನೆಯ ದಿನವೂ ಆಗಿತ್ತು. ಭಾನುವಾರವಾದರೂ ಬ್ಯಾಂಕು ತೆರೆದಿತ್ತು, ಅಪ್ಪ ಬೆಳಿಗ್ಗೆಯೇ ಕೆಲಸಕ್ಕೆ ಹೋದರು. ಪೂಜೆಗೆ ಅಮ್ಮ, ನಾನು ಇಬ್ಬರೇ. ಪರಮಪ್ರಸಾದದ ಹೊತ್ತಿಗೆ ನಮ್ಮ ಬೆಂಚಿನವರು ಎದ್ದು ಸಾಲು ಹಿಡಿದರು. ನಾನು ಕಾಲು ಒತ್ತರಿಸಿ ದಾರಿ ಬಿಟ್ಟೆ. ಈಸ್ಟರ್ ದಿನ ಕೂತೇ ಇರುವುದೆಂದರೆ ಎಲ್ಲರ ಕಣ್ಣಿಗೂ ಬೀಳುವುದು. ಮುಂದೆ ಹೋಗುತ್ತಿದ್ದ ದೊಡ್ಡಮ್ಮ ತಿರುಗಿ ನೋಡಿದರು. ತಲೆ ತಗ್ಗಿಸಿದೆ. ಆಗ ನನ್ನ ಪಕ್ಕದಲ್ಲಿ ನೀಲಿ ಸೀರೆಯ ಮಡಿಲು ಕಾಣಿಸಿತು. ಅಮ್ಮನೂ ಎದ್ದಿರಲಿಲ್ಲ.

"ಯಾಕಮ್ಮ?" ಅಂದೆ ಪಿಸುಮಾತಿನಲ್ಲಿ.

"ನಿವೇದನೆಗೆ ಹೋಗ್ಲಿಲ್ಲ."

"ಯಾಕೆ?"

"ಹೋದ್ರೆ ಹೇಳ್ಬಿಡು ಅಂತಿದ್ರು ಫಾದರ್."

ಹಾಡು ನಡೆಯುತ್ತಿತ್ತು. ನಾನು ಅಮ್ಮನ ಮುಖ ನೋಡಿದೆ. ಅವಳು ಪೀಠದ ಕಡೆಯೇ ನೋಡುತ್ತಿದ್ದಳು.

"ನಿಂಗೆ ಗೊತ್ತಿತ್ತಾ?"

"ಇಪ್ಪತ್ತು ವರ್ಷ ಕಲಕಿದೀನಿ ಕಣೆ. ಎಣಿಸೋಕೆ ಡೈರಿ ಬೇಕಾ ನಂಗೆ?" ತುಟಿ ಅಲುಗಿಸದೆ ಸೇರಿಸಿದಳು: "ಮೇಣ ಸಾಲ್ಲಿಲ್ಲ ಅಂತ ಅಕ್ಕ ಫೋನ್ ಮಾಡಿದ್ರು. ನಮ್ ಬತ್ತೀನೂ ನಾನೇ ಕೊಟ್ಬಂದೆ."

ಜನವರಿ 23ರಂದು ದ್ರಾಕ್ಷಿ ಹುಳಿ ಅಂದದ್ದು ನೆನಪಾಯಿತು. ಬಾಯಿಗೆ ಹಾಕಿಕೊಂಡ ಆ ಹಣ್ಣನ್ನು ಅವಳು ನಿಧಾನವಾಗಿ, ಮುಖ ಹುಳ್ಳಗೆ ಮಾಡದೆ ತಿಂದಿದ್ದಳು. ಅದನ್ನು ನಾನು ಬರೆದುಕೊಂಡಿರಲಿಲ್ಲ.

ಊಟಕ್ಕೆ ದೊಡ್ಡಮ್ಮನನ್ನೂ ಮಕ್ಕಳನ್ನೂ ಬಿಟ್ಟು ಹನ್ನೊಂದು ಜನ, ಫಾದರ್ ಸೇರಿ ಹನ್ನೆರಡು. ಹಂದಿ ಮಾಂಸದ ಸಾರು, ಕುಷ್ಕ, ಬಣ್ಣ ಹಚ್ಚಿದ ಮೊಟ್ಟೆಗಳು. ಜಾಡಿಯನ್ನು ನಡುಮನೆಗೆ ತಂದು ಒಂದು ಸ್ಟೂಲಿನ ಮೇಲೆ, ಬಿಳಿ ಬಟ್ಟೆ ಹಾಸಿ ಇಟ್ಟಿದ್ದರು. ದೊಡ್ಡಮ್ಮ ಕೆನೆಬಣ್ಣದ ರೇಷ್ಮೆ ಸೀರೆ ಉಟ್ಟಿದ್ದರು. ಫಾದರ್ ಬಾಗಿಲ ಹತ್ತಿರದ ಕ್ಯಾನ್ವಾಸ್ ಕುರ್ಚಿಯಲ್ಲಿ ಕೂತಿದ್ದರು. ಅವರಿಗೆ ಎಲ್ಲ ಗೊತ್ತಿತ್ತು. ಆದರೆ ನಿವೇದನೆಯಲ್ಲಿ ಕೇಳಿದ್ದನ್ನು ಗುರುಗಳು ಬಾಯಿಬಿಟ್ಟು ಹೇಳುವಂತಿಲ್ಲ, ಸನ್ನೆಯಲ್ಲೂ ತೋರಿಸುವಂತಿಲ್ಲ, ಅದನ್ನು ನೆಚ್ಚಿ ಒಂದು ಹೆಜ್ಜೆ ಹಿಂದಕ್ಕೆ ಸರಿಯುವಂತೆಯೂ ಇಲ್ಲ.

"ಅಲ್ಯಾಕೆ ಕೂತ್ರಿ ಫಾದರ್? ಇಲ್ಲಿ ಬನ್ನಿ, ಜಾಡಿ ಪಕ್ಕ. ಮೊದಲ ಲೋಟ ನಿಮ್ದೇ" ಅಂದರು ದೊಡ್ಡಮ್ಮ.

ಫಾದರ್ ನನ್ನ ಕಡೆ ನೋಡಲಿಲ್ಲ. ಎದ್ದು ಬಂದರು. ಜಾಡಿಯ ಪಕ್ಕ ಕೂತರು. ಬಿಳಿ ನಿಲುವಂಗಿಯ ಮೇಲೆ ಎರಡೂ ಕೈ ಜೋಡಿಸಿಟ್ಟುಕೊಂಡು ಎದುರಿನ ಗೋಡೆ ನೋಡತೊಡಗಿದರು. ಇಡೀ ದಿನದಲ್ಲಿ ನನಗೆ ಕೆಟ್ಟದೆನಿಸಿದ್ದು ಅದೊಂದೇ.

ನಾನು ದೊಡ್ಡಮ್ಮನ ಇಬ್ಬರು ಮೊಮ್ಮಕ್ಕಳನ್ನು ಕರೆದು, ಬೀದಿ ಕಡೆಯ ಜಗಲಿಯಲ್ಲಿ ಮೊಟ್ಟೆ ಬಚ್ಚಿಟ್ಟಿದ್ದೇನೆ, ಹುಡುಕಿ ಅಂತ ಕಳಿಸಿ ಬಾಗಿಲು ಹಾಕಿ ವಾಪಸು ಓಡಿ ಬಂದೆ. ನೋಡದೆ ಇರಲು ಆಗುತ್ತಿರಲಿಲ್ಲ.

ದೊಡ್ಡಮ್ಮ ಚಾಕುವಿನಿಂದ ಮೇಣ ಕೆತ್ತಿದರು. "ನೋಡಿ ಎಂಗೆ ಇಡ್ಕೊಂಡಿದೆ. ದೇವರ ಮೇಣ." ಹಗ್ಗದ ಒಂದು ಎಳೆ ಕೊಯ್ದರು. ಎರಡನೆಯದು ಕೊಯ್ಯುವ ಮೊದಲೇ ಅದು ತಾನಾಗಿ ಕಿತ್ತಿತು. ಮುಚ್ಚಳ ಹಾರಿ ತೊಲೆಗೆ ಬಡಿದು ಮೂರು ಚೂರಾಯಿತು. ನೇರಳೆ ನೊರೆ ಒಂದಾಳೆತ್ತರ ಎದ್ದು, ದೊಡ್ಡಮ್ಮನ ತಲೆ, ಮುಖ, ರೇಷ್ಮೆ ಸೀರೆ, ಫಾದರ್ ನಿಲುವಂಗಿ, ಬಿಳಿ ಬಟ್ಟೆ, ಕುಷ್ಕದ ಪಾತ್ರೆ ಎಲ್ಲದರ ಮೇಲೂ ಸುರಿಯಿತು. ಹುಳಿಹುಳಿ ವಾಸನೆ ತುಂಬಿಕೊಂಡಿತು.

ಕಿವಿ ಮಂದವಾದ ದೊಡ್ಡಪ್ಪ ಕಣ್ಣಿನ ಮೇಲಿನ ನೊರೆ ಒರೆಸಿಕೊಂಡು ಗಟ್ಟಿಯಾಗಿ ಹೇಳಿದರು: "ಕಲ್ಲು ಉರುಳ್ಬುಡ್ತಲ್ಲೇ!"

ಈಸ್ಟರ್ ಬೆಳಿಗ್ಗೆ ಪ್ರಭುವಿನ ಸಮಾಧಿಯ ಬಾಯಿಂದ ಉರುಳಿದ ಕಲ್ಲಿನ ಮಾತು. ಮೊದಲು ನಕ್ಕವರು ಯಾರೋ ತಿಳಿಯಲಿಲ್ಲ. ಆಮೇಲೆ ಎಲ್ಲರೂ ನಕ್ಕರು. ಫಾದರ್ ಕೂಡ, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ, ಬದುಕಿದೆ ಅನ್ನುವ ಹಾಗೆ ನಕ್ಕರು. ದೊಡ್ಡಮ್ಮ ಕಣ್ಣು ಕಾಣದೆ ಕೈ ಬೀಸಿದರು. ಕೈ ಜಾಡಿಗೆ ತಗುಲಿತು. ಜಾಡಿ ಸ್ಟೂಲಿನಿಂದ ಜಾರಿ ನಡುಮನೆಯ ಕಲ್ಲಿನ ಹೊಸ್ತಿಲ ಮೇಲೆ ಬಿತ್ತು. ಚೂರಾಗಲಿಲ್ಲ. ಒಂದು ಸದ್ದು ಬಂತು, ನಗು ನಿಂತಿತು.

ಅಮ್ಮ ಅಡುಗೆಮನೆಯಿಂದ ಬಟ್ಟೆ ತಂದು, ಜಾಡಿಯನ್ನು ಎತ್ತಿ ನಿಲ್ಲಿಸಿ, ಒರೆಸಿದಳು. ಬಾಯಿಯಿಂದ ತಳದವರೆಗೆ ಸೀಳು ಬಿಟ್ಟಿತ್ತು. ಅವಳ ಬೆರಳು ಆ ಗೆರೆಯ ಉದ್ದಕ್ಕೂ ಹೋಗಿ ನಿಂತಿತು.

"ತಗೊಂಡೋಗು" ಅಂದರು ದೊಡ್ಡಮ್ಮ. ಅವರ ಗಲ್ಲದಿಂದ ರಸ ತೊಟ್ಟಿಕ್ಕುತ್ತಿತ್ತು. ಅಳುತ್ತಿದ್ದರೋ ಏನೋ, ಅದರಲ್ಲಿ ಗೊತ್ತಾಗಲಿಲ್ಲ. "ನಿನ್ ಜಾಡಿ ನೀನೇ ತಗೊಂಡೋಗು. ನಿನ್ ಕಣ್ಣೇ ಬಿದ್ದಿರೋದು ಇದಕ್ಕೆ."

ನಿನ್ನ ಜಾಡಿ ಅಂದರು. ಹನ್ನೆರಡು ಜನರ ಮುಂದೆ.

"ಆಯ್ತಕ್ಕ" ಅಂದಳು ಅಮ್ಮ.

ಆಟೋದಲ್ಲಿ ಜಾಡಿ ನಮ್ಮಿಬ್ಬರ ಕಾಲಿನ ನಡುವೆ ಇತ್ತು. ಸೀಳಿನಿಂದ ಸೋರಿ ನನ್ನ ಚಪ್ಪಲಿ ಅಂಟಂಟಾಯಿತು. ಸಿಗ್ನಲ್ಲಿನಲ್ಲಿ ಆಟೋದವರು ಹಿಂದೆ ತಿರುಗಿ, "ಏನಮ್ಮ ಅದು ಕೆಂಪಗೆ?" ಅಂದರು. "ಹಬ್ಬದ್ದು ಕಣಪ್ಪ" ಅಂದಳು ಅಮ್ಮ. ಸಂಜೆ ಅಪ್ಪ ಬಂದು ನೋಡಿ, ನೀರು ಹುಯ್ದು ಪರೀಕ್ಷಿಸಿ, "ಒಂದು ಚೊಂಬೂ ನಿಲ್ಲಲ್ವಲ್ಲ. ಇದನ್ನ ಯಾಕೆ ತಂದೆ?" ಅಂದರು.

"ಅಲ್ಲಿರಬಾರ್ದು ಅಂತ" ಅಂದಳು ಅಮ್ಮ.

ಈಗ ಅದರಲ್ಲಿ 2023ರವರೆಗಿನ ಹಳೆಯ ಡೈರಿಗಳನ್ನು ಇಟ್ಟಿದ್ದೇನೆ, ಹನ್ನೊಂದು. ಜಾಡಿ ಹೋಯಿತಲ್ಲ ಅಂತ ನನಗೆ ದುಃಖವಿದೆ. ಈಸ್ಟರ್ ಕಳೆದ ಮೇಲೆ ಫಾದರ್ ಹತ್ತಿರ ಹೋಗಿ ಹಾಗೆಂದೇ ಹೇಳಿದೆ. ಅದು ಪಾಪ ಅಲ್ಲಮ್ಮ, ಪಾಪಕ್ಕೆ ಯಾವಾಗ ದುಃಖ ಆಗುತ್ತೋ ಆಗ ಬಾ ಅಂದರು. ಅಮ್ಮ ಆ ಜೂನ್‌ನಲ್ಲಿ ನಿವೇದನೆ ಮಾಡಿದಳು. ನಾನು ಇನ್ನೂ ಪರಮಪ್ರಸಾದದ ಹೊತ್ತಿಗೆ ಕಾಲು ಒತ್ತರಿಸಿ ದಾರಿ ಬಿಡುತ್ತಿದ್ದೇನೆ.

ಮರುವರ್ಷ, 2025ರ ಜನವರಿಯಲ್ಲಿ, ದೊಡ್ಡಮ್ಮ ಫೋನ್ ಮಾಡಿದರು. ಹೊಸದೊಂದು ಗಾಜಿನ ಭರಣಿ ತಂದಿದ್ದರಂತೆ.

"ಅಮ್ಮ ಇದಾಳೇನೇ? ಈ ಸಲ ದ್ರಾಕ್ಷಿ ಯಾವತ್ತು ಆಕ್ಬೇಕು ಅಂತ ಕೇಳು."

ನನ್ನ ಎದುರಿಗೇ ಬರೆದಿತ್ತು: ಈಸ್ಟರ್ ಏಪ್ರಿಲ್ 20, ದ್ರಾಕ್ಷಿ ಫೆಬ್ರವರಿ 11. ನಾನು ಫೋನನ್ನು ಅಮ್ಮನಿಗೆ ಕೊಟ್ಟೆ.

"ನೋಡಿ ಹೇಳ್ತೀನಕ್ಕ" ಅಂದು ಅಮ್ಮ ಇಟ್ಟುಬಿಟ್ಟಳು.

"ಗೊತ್ತಲ್ಲ ನಿಂಗೆ?"

"ಗೊತ್ತು. ಒಂದಿನ ಕಾಯ್ಲಿ."

ಮರುದಿನ ಅದೇ ಹೊತ್ತಿಗೆ ಅವಳೇ ಫೋನ್ ಮಾಡಿದಳು. ಸ್ಪೀಕರ್ ಹಾಕಿದ್ದಳು.

"ಅಕ್ಕ, ಫೆಬ್ರವರಿ ಹನ್ನೊಂದು, ಮಂಗಳವಾರ. ಇಪ್ಪತ್ತೊಂದು ದಿನ ಪೂರ್ತಿ ಕಲಕಿ. ಆಮೇಲೆ ಹಿಟ್ಟು ಮೆತ್ತಿ. ಮೇಣ ಹಾಕ್ಬೇಡಿ, ಅದ್ರಲ್ಲಿ ಉಸ್ರು ಹೋಗಲ್ಲ."

ನಾನು ಗೋಡೆ ಗಡಿಯಾರ ನೋಡಿದೆ. ಒಂಬತ್ತು ಸೆಕೆಂಡು.

"ಅಂಗಾದ್ರೆ ನಿಂಗೆ ಗೊತ್ತಿತ್ತು" ಅಂದರು ದೊಡ್ಡಮ್ಮ.

"ಗೊತ್ತಿತ್ತಕ್ಕ" ಅಂದಳು ಅಮ್ಮ.